ಮುಖ ನೋಡಿ ಏಳುವ ಕೈ

ದಿನವೆಲ್ಲ ಎಡವಟ್ಟಾದರೆ ನಮ್ಮ ಜನ ಮೊದಲು ದೂರುವುದು ಒಂದು ಮುಖವನ್ನು. "ಇವತ್ತು ಯಾರ ಮುಖ ನೋಡಿ ಎದ್ದೆನೋ!" ಅನ್ನುತ್ತಾರೆ. ಪಾಪ, ಆ ಮುಖದ್ದೇನು ತಪ್ಪು? ಮನುಷ್ಯರ ಮಾತು ಬಿಡಿ, ಒಂದು ಕೈ ಬೆಳಿಗ್ಗೆ ಎದ್ದ ಕೂಡಲೇ ಯಾರ ಮುಖ ನೋಡಬೇಕು? ಇಂಥ ಪ್ರಶ್ನೆಯನ್ನು ಗಂಭೀರವಾಗಿ ತಲೆಗೆ ಹಚ್ಚಿಕೊಂಡವರು ಮಾಲತಿ ಕಟ್ಟಿ ಬಾಯಿಯವರು ಒಬ್ಬರೇ ಇರಬೇಕು.

ಹುಬ್ಬಳ್ಳಿಯಲ್ಲಿ ಅವರು ಶುರುಮಾಡಿದ ಕಾರ್ಖಾನೆಗೆ ಕಾಗದದ ಮೇಲೆ ಮಾರುದ್ದದ ಹೆಸರಿತ್ತು. ಊರವರು ಮಾತ್ರ ಅದನ್ನು ಕೈಮನೆ ಎಂದೇ ಕರೆದರು. ಅಪಘಾತದಲ್ಲಿ ಕೈ ಕಳೆದುಕೊಂಡವರಿಗೆ ಅಲ್ಲಿ ಹೊಸ ಕೈ ಕೊಡುತ್ತಿದ್ದರು. ತೋಳಿನ ನರಗಳಿಗೇ ಬೆಸೆದುಬಿಡುವ, ಬಿಸಿ ತಂಪು ಗೊತ್ತಾಗುವ, ಸೂಜಿಗೆ ದಾರ ಪೋಣಿಸುವ ಕೈ. ಈ ಕಥೆ ನಡೆಯುವ ಕಾಲಕ್ಕೆ ಅದು ಅಂಥ ಸುದ್ದಿಯೇನಲ್ಲ, ಹಲ್ಲು ಕಟ್ಟಿಸಿಕೊಂಡಷ್ಟೇ ಸಹಜವಾಗಿತ್ತು. ಬಾಯಿಯವರು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಅವರ ಕೈಕೆಳಗೆ ಕಲಿತವರಲ್ಲಿ ಕೈಮನೆಯಲ್ಲಿ ಉಳಿದಿದ್ದವನು ಸುಭಾಸ ಹಂಚಿನಾಳ ಒಬ್ಬನೇ. ಐವತ್ತಾರರ ಸುಭಾಸ ಕೈಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದ. ಬಾಯಿಯವರು ಬೆಳಿಗ್ಗೆ ಕಚೇರಿಗೆ ಬಂದು ಕುರ್ಚಿಯಲ್ಲಿ ಕುಳಿತು, ಎರಡೂ ಅಂಗೈ ಒಮ್ಮೆ ಮುಖದ ಮುಂದೆ ಹಿಡಿದು ನೋಡಿಕೊಂಡು, ಆಮೇಲೆ ಯಂತ್ರ ಹಚ್ಚುವುದನ್ನು ಅವನು ಇಪ್ಪತ್ತು ವರ್ಷ ದಿನಾ ನೋಡಿದ್ದ. ಆಗ ನಗು ಬರುತ್ತಿತ್ತು. ಈಗ ಆ ಖಾಲಿ ಕುರ್ಚಿಯ ಹತ್ತಿರ ಹಾಯುವಾಗ ನಡಿಗೆ ನಿಧಾನವಾಗುತ್ತಿತ್ತು.

ಅವರು ಬರೆದ ಮೊದಲ ಪ್ರೋಗ್ರಾಮಿನ ಹೆಸರೇ 'ಕೈ'. ಐದು ಬೆರಳು, ಇಷ್ಟು ಹಿಡಿತ, ಇಷ್ಟು ಬಿಸಿಯಾದರೆ ಹಿಂದಕ್ಕೆಳೆದುಕೋ, ಪರರಾದರೆ ಗೇಣು ದೂರದಲ್ಲಿರು, ಹೀಗೆ ಎಲ್ಲ ಕೈಗಳಿಗೂ ಬೇಕಾದದ್ದು ಅದರಲ್ಲಿತ್ತು. ಅದರಿಂದ ಹುಟ್ಟಿದ ಮರಿ ಪ್ರೋಗ್ರಾಮುಗಳು ಬೇರೆ ಬೇರೆ. ಹೊಲಿಗೆ ಕೈ, ಬಡಿಗನ ಕೈ, ತಬಲಾ ಕೈ, ರೊಟ್ಟಿ ಕೈ. ಕಲಿತವರ ಭಾಷೆಯಲ್ಲಿ ಹೇಳುವುದಾದರೆ 'ಕೈ' ಸೂಪರ್‌ಕ್ಲಾಸು, ಉಳಿದವು ಸಬ್‌ಕ್ಲಾಸು. ರಾತ್ರಿ ಬಳೆಯಂಥ ಚಾರ್ಜರು ತೊಡಿಸಿದರೆ ಕೈ ಎಲ್ಲ ಮರೆತು ಮಲಗುತ್ತಿತ್ತು, ಬೆಳಿಗ್ಗೆ ಹೊಸದಾಗಿ ಹುಟ್ಟುತ್ತಿತ್ತು. ಹುಟ್ಟುವಾಗ ಅದು ಓದಿಕೊಳ್ಳುವ ಸಾಲುಗಳಿಗೆ ಕನ್‌ಸ್ಟ್ರಕ್ಟರ್ ಎಂಬ ದೊಡ್ಡ ಹೆಸರಿದೆ. ಕೈಮನೆಯಲ್ಲಿ ಅದು 'ಏಳುವ ಪಾಠ'. ಹೊಲಿಗೆ ಕೈ ತನ್ನ ಪಾಠ ಶುರುಮಾಡುವ ಮೊದಲು ಹಿರಿಯ ಕೈಯ, ಅಂದರೆ ಆ ಮೂಲ 'ಕೈ'ಯ, ಏಳುವ ಪಾಠವನ್ನು ಕರೆದು ಮುಗಿಸಬೇಕು, ಆಮೇಲೆ ತನ್ನ ಸೂಜಿ ದಾರದ ವಿಚಾರ. ಮೊದಲ ಸಾಲೇ ಅದಾಗಿರಬೇಕು.

"ಹಿರಿಯರನ್ನ ಕರೀದೇ ಒಂದು ಸಾಲೂ ಬರೀಬ್ಯಾಡ್ರಿ," ಎನ್ನುತ್ತಿದ್ದರು ಬಾಯಿಯವರು. "ಇನ್ನೂ ಹುಟ್ಟಿಲ್ಲ, ಆಗಲೇ ಕೆಲಸಕ್ಕ ನಿಂತ್ರ ಹೆಂಗ?"

ಹಿರಿಯ ಕೈಯ ಪಾಠ ಮುಗಿಯಲು ಐವತ್ತು ಸೆಕೆಂಡು ಹಿಡಿಯುತ್ತಿತ್ತು. ಅಷ್ಟು ಹೊತ್ತು ಕೈ ಅಂಗೈಯನ್ನು ಯಜಮಾನನ ಮುಖದ ಕಡೆ ತಿರುಗಿಸಿಕೊಂಡು ಸುಮ್ಮನೆ ನಿಲ್ಲುತ್ತಿತ್ತು. ಯಾಕೆ ಎಂದು ಹೊಸಬರು ಕೇಳುವುದನ್ನೂ ಬಿಟ್ಟಿದ್ದರು. ಬಾಯಿಯವರ ಮಡಿ ಅದು, ಇರಲಿ ಬಿಡು ಎಂದುಕೊಂಡಿದ್ದರು. ನಿಜ ಹೇಳಬೇಕೆಂದರೆ ಸುಭಾಸನೂ ಹಾಗೆಯೇ ಅಂದುಕೊಂಡಿದ್ದ.

ಆ ಐವತ್ತು ಸೆಕೆಂಡಿಗೆ ಕುತ್ತು ಬಂದದ್ದು ನ್ಯಾಯವಾದ ಕಾರಣಕ್ಕೇ. ಬೆಳಗಾವಿಯ ಕಡೆ ಒಬ್ಬರು ಬೆಳಿಗ್ಗೆ ಬಚ್ಚಲಲ್ಲಿ ಜಾರಿದಾಗ ಕೈ ಇನ್ನೂ ಎದ್ದಿರಲಿಲ್ಲ. ನಲ್ಲಿ ಹಿಡಿದುಕೊಳ್ಳಲಾಗದೆ ಬಿದ್ದು ಸೊಂಟ ಮುರಿದುಕೊಂಡರು. ಹೊಸ ಮೇಲ್ವಿಚಾರಕಿ ಮಮತಾ ದೊಡವಾಡ ಆ ಮನೆಗೆ ಹೋಗಿ ನೋಡಿ ಬಂದವಳು. ಬಂದವಳೇ ಆದೇಶ ಹೊರಡಿಸಿದಳು. ಇನ್ನು ಮೇಲೆ ಯಾವ ಕೈಯೂ ಏಳಲು ಐದು ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಕೂಡದು. ಮೊದಲ ಪ್ರಯೋಗ ರೊಟ್ಟಿ ಕೈಗಳ ಮೇಲೆ, ಯಾಕೆಂದರೆ ಅಂಥವು ಹತ್ತೊಂಬತ್ತೇ ಇದ್ದವು. ಕೆಲಸ ಸುಭಾಸನ ಪಾಲಿಗೆ ಬಂತು.

ಅವನು ಮಾಡಿದ್ದು ಸರಳ. ಪರೀಕ್ಷೆಯ ಮೇಜಿನ ಮೇಲಿದ್ದ ಒಂದು ರೊಟ್ಟಿ ಕೈಯನ್ನು ಹಳೇ ರೀತಿಯಲ್ಲೇ ಎಬ್ಬಿಸಿದ. ಅದು ಐವತ್ತು ಸೆಕೆಂಡು ತನ್ನ ಶಾಸ್ತ್ರ ಮುಗಿಸಿತು. ಆಮೇಲೆ ಅದರೊಳಗಿನ ಅಂಕಿಗಳನ್ನೆಲ್ಲ ಬರೆದುಕೊಂಡ. ಬೆರಳು ಐದು, ಹಿಡಿತ ಇಷ್ಟು, ಬಿಸಿಯ ಮಿತಿ ಇಷ್ಟು, 'ಆಧಾರ' ಎಂಬ ಹೆಸರಿನ ಹನ್ನೆರಡು ಅಂಕಿ ಇಂತಿಂಥವು. ಅಷ್ಟನ್ನೂ ರೊಟ್ಟಿ ಕೈಯ ಪಾಠಕ್ಕೆ ನೇರವಾಗಿ ಅಂಟಿಸಿ, ಹಿರಿಯರನ್ನು ಕರೆಯುವ ಮೊದಲ ಸಾಲನ್ನು ಅಳಿಸಿದ. ಉತ್ತರ ಗೊತ್ತಿದ್ದ ಮೇಲೆ ಲೆಕ್ಕ ಯಾಕೆ ಮಾಡಬೇಕು ಎಂಬುದು ಅವನ ವಾದ. ಅಳಿಸುವಾಗ ಬೆರಳು ಒಂದು ಗಳಿಗೆ ತಡೆದದ್ದು ನಿಜ. ಬಾಯಿಯವರ ನೆನಪಾಯಿತು ಅಷ್ಟೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ರೊಟ್ಟಿ ಕೈ ಹುಟ್ಟಿದ್ದೇ ಗುರುಸಿದ್ದವ್ವನಿಗಾಗಿ. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಆಕೆಯ ಖಾನಾವಳಿ. ಸುಭಾಸ ಮೀಸೆ ಚಿಗುರುವ ವಯಸ್ಸಿನಿಂದ ಅಲ್ಲಿ ಉಂಡವನು. ಆರು ವರ್ಷದ ಹಿಂದೆ ಹಿಟ್ಟಿನ ಗಿರಣಿಯ ಪಟ್ಟಿಗೆ ಆಕೆಯ ಬಲಗೈ ಸಿಕ್ಕಿ ಹೋದಾಗ, ಅವನು ಎರಡು ತಿಂಗಳು ಆಕೆಯ ಅಡಿಗೆಮನೆಯಲ್ಲೇ ಕಾಲು ಮಡಚಿ ಕುಳಿತಿದ್ದ. ಉಳಿದ ಎಡಗೈಯಲ್ಲಿ ಆಕೆ ತಟ್ಟಿ ತೋರಿಸುವುದು, ಇವನು ಅಳೆದು ಬರೆಯುವುದು. ಜೋಳದ ಹಿಟ್ಟಿಗೆ ಹಾಕುವ ನೀರು ಎಷ್ಟು ಕುದಿದಿರಬೇಕು, ನಾದುವಾಗ ಅಂಗೈಯ ಯಾವ ಭಾಗದ ಮೇಲೆ ಭಾರ, ಬಡಿಯುವಾಗ ಬಲಗೈ ಎಷ್ಟು ಏಳಬೇಕು, ಎಡಗೈ ಅಂಚನ್ನು ಎಷ್ಟು ತಿರುಗಿಸಬೇಕು. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿದ ದಿನ ಇಬ್ಬರೂ ಅತ್ತಿದ್ದರು. ಅವನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ದಿನ ಇರಲಿಲ್ಲ.

ಹೊಸ ಪಾಠ ಹೋಗಿ ಎಂಟು ದಿನಕ್ಕೆ ಆಕೆಯ ಫೋನು ಬಂತು. ಸುಭಾಸ ಮಧ್ಯಾಹ್ನ ಖಾನಾವಳಿಗೆ ಹೋದ. ಗುರುಸಿದ್ದವ್ವ ಒಲೆಯ ಮುಂದೆ ಇರಲಿಲ್ಲ. ಹೊರಗಿನ ಬೆಂಚಿನ ಮೇಲೆ, ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದಳು. ಒಳಗೆ ಮಗಳು ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಬೇರೆ. ನಲವತ್ತು ವರ್ಷ ಕೇಳಿದ ಕಿವಿಗೆ ಅಷ್ಟು ಗೊತ್ತಾಗುವುದಿಲ್ಲವೇ?

"ಏನಾತ್ರಿ ಅಕ್ಕಾರ?"

"ಏನ ಹೇಳ್ಲೆಪಾ. ಕೈ ನನ್ನ ಮಾತ ಕೇಳವಲ್ದು."

"ನೋವೈತೇನ್ರಿ?"

"ನೋವಾಗಿದ್ರ ತಡಕೊಂತಿದ್ದೆ. ನನ್ನ ಕಂಡ್ರ ಆಗಂಗಿಲ್ಲ ಅದಕ್ಕ. ಇಲ್ನೋಡು." ಆಕೆ ಎಡಗೈಯನ್ನು ಬಲಗೈಯ ಹತ್ತಿರ ತಂದಳು. ಬಲಗೈ ಸರಕ್ಕನೆ ಹಿಂದೆ ಸರಿಯಿತು, ಬಿಸಿ ಹಂಚು ಮುಟ್ಟಿದವರಂತೆ. "ಹಿಟ್ಟು ನಾದಾಕ ಹೋದ್ರ ಹಿಂಗ. ರೊಟ್ಟಿ ತಿರುಗ್ಸಾಕ ಹೋದ್ರ ಹಿಂಗ. ಎಲ್ಲಾ ರೊಟ್ಟಿ ಹರದು ಚೂರು. ನಿನ್ನೆ ಕಣ್ಣಾಗ ಹೊಗಿ ಹೋತು ಅಂತ ಒರಸ್ಕೊಳಾಕ ಹೋದ್ನೆಪಾ, ಮುಖದ ತನಕ ಬಂದು ನಿಂತುಬಿಡ್ತು. ಪರರ ಮುಖ ಮುಟ್ಟಾಕ ಅಂಜಿದಂಗ."

ಸುಭಾಸ ಬೆಂಚಿನ ತುದಿಗೆ ಕುಳಿತ. "ಎರಡು ದಿನ ತಡೀರಿ, ನೋಡ್ತೇನಿ," ಎಂದ.

"ಎಂಟು ದಿನ ತಡದೇನಿ. ಸೋಮವಾರ ಹನ್ನೊಂದಕ್ಕ ದವಾಖಾನ್ಯಾಗ ಹೇಳಿ ಇಟ್ಟೇನಿ. ತಗಸಿಬಿಡ್ತೇನಿ."

"ಅಕ್ಕಾರ, ಒಮ್ಮೆ ತಗದ್ರ ಮತ್ತ ಹಾಕಾಕ ಬರಂಗಿಲ್ರಿ. ಅರವತ್ತು ದಾಟಿದ ಮ್ಯಾಲ ನರ ಎರಡನೇ ಸಲ ಕೂಡಂಗಿಲ್ಲ."

"ಗೊತ್ತೈತಿ. ಕೈ ಇಲ್ದಿದ್ರ ಇಲ್ಲ ಅಂತ ಇರಬಹುದಪಾ. ಮೈಯಾಗ ಪರಾಯ ಮಂದಿನ್ನ ಇಟ್ಕೊಂಡು ಹೆಂಗ ಇರಲಿ?"

ಅದು ಗುರುವಾರ. ಸುಭಾಸ ಊಟ ಮಾಡದೆ ಹಿಂದಿರುಗಿದ.

ಕೈಮನೆಯ ಎರಡನೇ ಮಹಡಿಯಲ್ಲಿ ನಿಗಾ ಕೋಣೆ. ಎಲ್ಲೆಲ್ಲಿ ಯಾವ ಕೈ ಯಾವಾಗ ಎದ್ದಿತು, ಹೇಗಿದೆ ಎಂಬುದು ಅಲ್ಲಿನ ಗೋಡೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತಿತ್ತು. ಹತ್ತೊಂಬತ್ತು ರೊಟ್ಟಿ ಕೈಗಳೂ ಹಸಿರು. ಎದ್ದ ಸಮಯ ನಾಲ್ಕೂವರೆ ಸೆಕೆಂಡು. ಹಿಡಿತ ಸರಿ, ಬಿಸಿ ಸರಿ, ಬೆರಳು ಸರಿ.

"ಎಲ್ಲಾ ಹಸಿರೈತ್ರಿ ಸರ್," ಎಂದಳು ಮಮತಾ. ಅವಳ ದನಿಯಲ್ಲಿ ಹೆಮ್ಮೆಯಿತ್ತು, ಇರಬೇಕಾದದ್ದೇ. "ಗದಗಿನಾಕಿ ಒಬ್ರು ತಲಿ ಬಾಚ್ಕೊಳಾಕ ಕೈ ಬಿಡವಲ್ದು ಅಂದಾರ. ಹೊಸಾದು ಅಲ್ರಿ, ಹೊಂದ್ಕೊಳಾಕ ಒಂದೀಟು ಟೈಮ್ ಬೇಕು."

"ಗುರುಸಿದ್ದವ್ವಾರ ಕೈಗೂ ಹಿಂಗ ಆಗೈತಿ, ಅದಕ್ಕ ಆರು ವರ್ಷ ಆತವ್ವಾ. ಹೊಸಾದೇನಲ್ಲ."

ಶುಕ್ರವಾರವಿಡೀ ಸುಭಾಸ ಪ್ರೋಗ್ರಾಮನ್ನು ಸಾಲು ಸಾಲಾಗಿ ಜಾಲಾಡಿದ. ಮೇಜಿನ ಮೇಲಿನ ಪರೀಕ್ಷೆಯ ಕೈಗೆ ಹೊಸ ಪಾಠ ಹಾಕಿ ಎಬ್ಬಿಸಿ, ತಾನೇ ಅದರ ಜೊತೆ ಹಿಟ್ಟು ನಾದಿದ. ಎಷ್ಟು ಚೆಂದಾಗಿ ನಾದಿತು! ಅವನ ಎಡಗೈ ಕಂಡು ಅದು ಒಮ್ಮೆಯೂ ಹಿಂದೆ ಸರಿಯಲಿಲ್ಲ. ತಪ್ಪೇ ಸಿಗಲಿಲ್ಲ. ತಪ್ಪು ಸಿಗದಿದ್ದಾಗ ಆಗುವ ಸಂಕಟ ತಪ್ಪು ಸಿಕ್ಕಾಗಿನದಕ್ಕಿಂತ ಹೆಚ್ಚು, ಅನುಭವಿಸಿದವರಿಗೆ ಗೊತ್ತು. ಹಳೇ ಪಾಠವನ್ನೇ ಮತ್ತೆ ಹಾಕಿಬಿಡಲೇ ಎಂದೂ ಅನ್ನಿಸಿತು. ಆದರೆ ಕಾರಣ ತೋರಿಸದೆ ಮಮತಾಳನ್ನು ಒಪ್ಪಿಸುವುದು ಹೇಗೆ? ಸೊಂಟ ಮುರಿದವರ ಮನೆ ನೋಡಿ ಬಂದವಳು ಅವಳು.

ಶನಿವಾರ ಬೆಳಿಗ್ಗೆಯೂ ಅದರ ಜೊತೆ ಹಿಟ್ಟು ನಾದಿ ನೋಡಿ, ಮಧ್ಯಾಹ್ನ ಮತ್ತೆ ಖಾನಾವಳಿಗೆ ಹೋದ. ಈ ಸಲ ಗುರುಸಿದ್ದವ್ವ ಅವನನ್ನು ಹಾಗೇ ಬಿಡಲಿಲ್ಲ.

"ಮೊನ್ನೆನೂ ಉಣದ ಹ್ವಾದಿ. ಕೂಡ್ರು. ಕೈ ಕೆಟ್ರ ಅನ್ನದ ಮ್ಯಾಲ ಯಾಕ ಸಿಟ್ಟು?"

ತಟ್ಟೆ ಬಂತು. ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ಮಗಳು ಬಡಿದ ರೊಟ್ಟಿಯನ್ನು ತಾನೇ ಬಡಿಸುತ್ತೇನೆಂದು ಗುರುಸಿದ್ದವ್ವ ಹಟ ಹಿಡಿದು ತಂದಳು. ಬಲಗೈಯಲ್ಲೇ. ಸುಭಾಸ ನೋಡುತ್ತಲೇ ಇದ್ದ. ಉಳಿದ ಗಿರಾಕಿಗಳ ಹತ್ತಿರ ಬಂದಾಗ ಬಿಗಿದುಕೊಂಡು, ರೊಟ್ಟಿಯನ್ನು ಗೇಣು ಎತ್ತರದಿಂದಲೇ ತಟ್ಟೆಗೆ ಕೆಡವುತ್ತಿದ್ದ ಆ ಕೈ, ಅವನ ಹತ್ತಿರ ಬಂದ ಕೂಡಲೇ ಸಡಿಲವಾಯಿತು. ರೊಟ್ಟಿಯನ್ನು ತಟ್ಟೆಯಲ್ಲಿ ಮೆತ್ತಗೆ ಇಟ್ಟಿತು. ಅಷ್ಟಕ್ಕೇ ನಿಲ್ಲದೆ ಅವನ ಕೆನ್ನೆಗಂಟಿದ್ದ ಹಿಟ್ಟಿನ ಧೂಳನ್ನು ಬೆರಳ ತುದಿಯಿಂದ ಒರೆಸಿತು.

ಗುರುಸಿದ್ದವ್ವ ಬೆಚ್ಚಿಬಿದ್ದಳು. "ಅಯ್ಯ ನನ ಶಿವನ, ನಾ ಒರಸ್ಲಿಲ್ಲಪಾ! ತಾನ ಒರಸ್ತು."

"ಒರಸಬೇಕು ಅಂತ ಅನಿಸಿತ್ತೇನ್ರಿ?"

"ಅನಿಸೇನೋ ಅನಿಸ್ತು. ಆದ್ರ ಹತ್ತು ದಿನದಾಗ ನಾ ಅನಕೊಂಡಿದ್ದು ಒಂದರೇ ಮಾಡೇತೇನು ಇದು? ನಿನ್ನ ಮುಂದಷ್ಟ ಎಷ್ಟ್ ಶಾಣ್ಯಾ ಆಗೈತಿ ನೋಡು. ನೀನ ಇದರ ಮಾಲಕ ಅನ್ನೂವಂಗ."

ತುತ್ತು ಸುಭಾಸನ ಬಾಯಲ್ಲೇ ಉಳಿಯಿತು. ಮೇಜಿನ ಮೇಲಿನ ಕೈ ಅವನ ಎಡಗೈ ಕಂಡು ಸರಿಯದೆ ಚೆಂದಾಗಿ ಹಿಟ್ಟು ನಾದಿದ್ದು ನೆನಪಾಯಿತು. ಅದಕ್ಕೂ ಮೊದಲು, ಅಂಕಿಗಳನ್ನು ಬರೆದುಕೊಂಡ ದಿನ, ಅದೇ ಕೈ ಅಂಗೈ ತಿರುಗಿಸಿಕೊಂಡು ಐವತ್ತು ಸೆಕೆಂಡು ನಿಂತಿತ್ತಲ್ಲ, ಯಾರ ಮುಖದ ಮುಂದೆ?

ಅವನು ಅರ್ಧ ಊಟದಲ್ಲೇ ಎದ್ದ. ಈ ಸಲ ಆಕೆ ತಡೆಯಲಿಲ್ಲ, ಅವನ ಮುಖ ಹಾಗಿತ್ತು.

'ಕೈ' ಎಂಬ ಆ ಮೂಲ ಪ್ರೋಗ್ರಾಮನ್ನು ಯಾರೂ ಬಿಚ್ಚಿ ನೋಡಿ ಇಪ್ಪತ್ತೈದು ವರ್ಷ ಕಳೆದಿತ್ತು. ಕರೆದರೆ ಬರುತ್ತಿತ್ತು, ತನ್ನ ಕೆಲಸ ಮಾಡುತ್ತಿತ್ತು, ನೋಡುವ ಜರೂರು ಯಾರಿಗಿತ್ತು? ಮನೆಯ ಹಿರಿಯರ ಗತಿಯೂ ಅಷ್ಟೇ ತಾನೆ. ಸುಭಾಸ ನಿಗಾ ಕೋಣೆಯಲ್ಲಿ ಮಮತಾಳ ಪಕ್ಕ ಕುಳಿತು ಅದನ್ನು ಬಿಚ್ಚಿದ. ಬಾಯಿಯವರ ಅಚ್ಚುಕಟ್ಟು ಸಾಲುಗಳು ಕಂಡವು. ಏಳುವ ಪಾಠದ ನಡುವೆ, ಯಂತ್ರ ಓದದ, ಮನುಷ್ಯರು ಮಾತ್ರ ಓದಲೆಂದು ಬರೆದ ಟಿಪ್ಪಣಿಯಿತ್ತು.

"ಇಲ್ಲಿ ಐವತ್ತು ಸೆಕೆಂಡು ಹಿಡಿಯುತ್ತದೆ. ಕೈ ತನ್ನವರ ಮುಖ ನೋಡುತ್ತಿದೆ. ಉಸಿರಿನ ಬಿಸಿ, ಕೆನ್ನೆಯ ಬಿಸಿ, ನಾಡಿಯ ಬಡಿತ ಸೇರಿ ಹನ್ನೆರಡು ಅಂಕಿ. ಇವು ದಿನಾ ಬದಲಾಗುತ್ತವೆ. ಜ್ವರ ಬಂದ ದಿನ ಬೇರೆ, ಅತ್ತು ಎದ್ದ ದಿನ ಬೇರೆ. ನನ್ನವರು ಯಾರು, ಪರರು ಯಾರು ಎಂಬುದು ಈ ಆಧಾರದ ಮೇಲೆಯೇ ತಿಳಿಯಬೇಕು. ಮುಂದೆ ಯಾರಾದರೂ ಅವಸರಕ್ಕೆ ಇದನ್ನು ತೆಗೆಯಬಹುದು. ಮಕ್ಕಳೇ, ತೆಗೆಯಬೇಡಿ."

ಸುಭಾಸ ಅದನ್ನು ಎರಡು ಸಲ ಓದಿದ. ಮೂರನೇ ಸಲ ಓದಲು ಅಕ್ಷರ ಕಾಣಲಿಲ್ಲ. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಬಾಯಿಯವರು ಅಂಗೈ ನೋಡಿಕೊಳ್ಳುವುದನ್ನು ಅವನು ಕಂಡಿದ್ದ. ತಾವು ಅಂಗೈ ನೋಡಿಕೊಳ್ಳುತ್ತಾ ಅವರು ಒಂದು ದಿನ ಇದನ್ನು ತಿರುಗಿಸಿ ಯೋಚಿಸಿರಬೇಕು: ಕೈಗೂ ನಾನು ಕಾಣಬೇಕಲ್ಲ ಎಂದು. ಕೇಳಿದ್ದರೆ ಹೇಳುತ್ತಿದ್ದರು. ಅವನು ಕೇಳಿರಲಿಲ್ಲ. ಅವರ ಬೆನ್ನ ಹಿಂದೆ ನಕ್ಕಿದ್ದ.

"ಮಮತಾ," ಎಂದ. "ತಪ್ಪು ನಂದು. ನಾ ಬರಕೊಂಡಿದ್ದು ಲೆಕ್ಕದ ಉತ್ತರ ಅಲ್ಲ. ಅವತ್ತಿನ ನನ್ನ ಮುಖ. ಹತ್ತೊಂಬತ್ತು ಮಂದಿ ಕೈ ಹತ್ತು ದಿನದಿಂದ ನನ್ನ ಮುಖ ನೋಡಿ ಎದ್ದಾವ. ಅವರನ್ನೆಲ್ಲಾ ಪರರು ಅಂತ ತಿಳದಾವ."

ಮಮತಾ ಗೋಡೆಯ ಹಸಿರು ಚುಕ್ಕೆಗಳನ್ನು ನೋಡಿದಳು.

"ಹಿರಿಯರನ್ನ ಕರಿಯೂ ಸಾಲು ವಾಪಸ್ ಹಾಕ್ರಿ ಸರ್," ಎಂದಳು. "ಆದ್ರ ಬಚ್ಚಲದಾಗ ಬಿದ್ದವ್ರಿಗೆ ನಾ ಏನ ಹೇಳ್ಲಿ? ನಾ ಅವರ ಮನಿಗೆ ಹೋಗಿ ಬಂದೇನ್ರಿ."

ಹುಡುಗಿ ಕೇಳಿದ್ದು ಸರಿಯಾಗಿಯೇ ಇತ್ತು. ಸುಭಾಸ ಬಾಯಿಯವರ ಪಾಠವನ್ನು ಮತ್ತೆ ನೋಡಿದ. ಅದರಲ್ಲಿ ಮುಖ ನೋಡುವುದು ಮೊದಲು, ಹಿಡಿತ ಎಚ್ಚರವಾಗುವುದು ಆಮೇಲೆ. ಆ ಎರಡನ್ನೂ ಅದಲುಬದಲು ಮಾಡಿದರೆ? ಮೂರನೇ ಸೆಕೆಂಡಿಗೇ ಹಿಡಿತ ಬರುತ್ತದೆ. ಜಾರಿದವರು ನಲ್ಲಿ ಹಿಡಿಯಬಹುದು. ಉಳಿದ ಹೊತ್ತು ಕೈ ನಿಧಾನವಾಗಿ ಮುಖ ನೋಡಿಕೊಳ್ಳಲಿ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಯಾರೋ ಬಾಯಿಯವರ ಸಾಲನ್ನು ತಿದ್ದುತ್ತಿದ್ದರು. ತಿದ್ದಿದ. ಟಿಪ್ಪಣಿಯ ಒಂದಕ್ಷರವನ್ನೂ ಮುಟ್ಟಲಿಲ್ಲ. ಆಮೇಲೆ ರೊಟ್ಟಿ ಕೈಯಲ್ಲಿ ತಾನು ಅಂಟಿಸಿದ್ದ ಅಂಕಿಗಳನ್ನೆಲ್ಲ ಕಿತ್ತು, ಮೊದಲ ಸಾಲಿನಲ್ಲಿ ಹಿರಿಯರನ್ನು ಕರೆದ. ಭಾನುವಾರ ಇಬ್ಬರೂ ಮೇಜಿನ ಮೇಲಿನ ಕೈಯನ್ನು ಸರದಿಯ ಮೇಲೆ ನೂರಾರು ಸಲ ಎಬ್ಬಿಸಿ ನೋಡಿದರು. ಮಮತಾಳ ಮುಖ ನೋಡಿ ಎದ್ದರೆ ಮಮತಾಳದಾಗುತ್ತಿತ್ತು, ಇವನ ಮುಖ ನೋಡಿ ಎದ್ದರೆ ಇವನದು. ಸಂಜೆ ಹೊಸ ಪಾಠ ಹತ್ತೊಂಬತ್ತು ಮನೆಗಳಿಗೆ ಹೋಯಿತು.

ಸೋಮವಾರ ಬೆಳಿಗ್ಗೆ ಏಳಕ್ಕೆ ಸುಭಾಸ ಖಾನಾವಳಿಯ ಅಡಿಗೆಮನೆಯಲ್ಲಿದ್ದ. ಗುರುಸಿದ್ದವ್ವ ದವಾಖಾನೆಗೆಂದು ತೆಗೆದಿಟ್ಟ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. ಕೈ ಇನ್ನೂ ಮಲಗಿತ್ತು.

"ನಾ ದೂರ ನಿಲ್ತೇನ್ರಿ," ಎಂದ ಸುಭಾಸ. "ನೀವ ಎಬ್ಬಸ್ರಿ. ಐವತ್ತು ಎಣಸೂತನಕ ಮುಖ ತಿರುಗಸಬ್ಯಾಡ್ರಿ."

"ಮೊದಲಿನಂಗ?"

"ಮೊದಲಿನಂಗ."

ಅವನು ಹಿತ್ತಲ ಬಾಗಿಲಿನ ತನಕ ಹೋಗಿ ನಿಂತ. ಆಕೆ ಚಾರ್ಜರಿನ ಬಳೆ ಬಿಚ್ಚಿದಳು. ಕೈ ಮೊದಲು ಮುಷ್ಟಿ ಬಿಗಿದು ಸಡಿಲಿಸಿತು. ಆಮೇಲೆ ನಿಧಾನವಾಗಿ ಮೇಲೆದ್ದು ಅಂಗೈಯನ್ನು ಆಕೆಯ ಕಡೆ ತಿರುಗಿಸಿ ನಿಂತಿತು. ಗುರುಸಿದ್ದವ್ವ ಅದನ್ನು ನೋಡಿದಳು, ಅದು ಗುರುಸಿದ್ದವ್ವನನ್ನು ನೋಡಿತು. ಒಲೆಯ ಮೇಲೆ ನೀರು ಕುದಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸುಭಾಸ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಇಟ್ಟು ಎಣಿಸುತ್ತಿದ್ದ. ಐವತ್ತು ಸೆಕೆಂಡು ಇಷ್ಟು ಉದ್ದ ಎಂದು ಅವನಿಗೆ ಗೊತ್ತಿರಲಿಲ್ಲ.

ಐವತ್ತೊಂದಕ್ಕೆ ಕೈ ಮುಂದೆ ಬಂದು ಆಕೆಯ ಕಣ್ಣು ಒರೆಸಿತು. ಆಗ ಅಲ್ಲಿ ಹೊಗೆ ಇರಲಿಲ್ಲ.

ಆಕೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತು, ಹಿಟ್ಟಿಗೆ ಕುದಿಯುವ ನೀರು ಸುರಿದು ಎರಡೂ ಕೈ ಹಾಕಿದಳು. ನಾದಿದಳು, ಉಂಡೆ ಮಾಡಿದಳು, ಬಡಿಯತೊಡಗಿದಳು. ಪಟಪಟ, ಪಟಪಟ. ಬಲಗೈ ಏಳುವುದು, ಎಡಗೈ ತಿರುಗಿಸುವುದು. ಒಳಕೋಣೆಯಿಂದ ಮಗಳು ಓಡಿಬಂದು ಬಾಗಿಲಲ್ಲೇ ನಿಂತಳು. ರೊಟ್ಟಿ ಹಂಚಿಗೆ ಬಿತ್ತು, ನೀರು ಸವರಿಸಿಕೊಂಡು ತಿರುವಿ ಹಾಕಿಸಿಕೊಂಡಿತು, ಉಬ್ಬಿತು.

"ಹನ್ನೊಂದಕ್ಕ ದವಾಖಾನಿಗೆ ಹೋಗೂದೈತಲ್ಲವ್ವಾ," ಎಂದಳು ಮಗಳು ಸಣ್ಣಗೆ.

"ಹನ್ನೊಂದಕ್ಕ ಮಂದಿ ಊಟಕ್ಕ ಬರ್ತಾರ. ದವಾಖಾನಿಗೆ ಯಾರ ಹೋಗ್ತಾರ? ಏ ಸುಭಾಸ, ಅಲ್ಲಿ ಗೂಟದಂಗ ಯಾಕ ನಿಂತಿ? ತಾಟು ತಗೊಂಡ ಬಾ."

ಸುಭಾಸ ತಟ್ಟೆ ಹಿಡಿದು ಹತ್ತಿರ ಹೋಗಿ ಮಣೆಯ ಮುಂದೆ ಕುಳಿತ. ಅದೇ ಕೈ ಬಿಸಿ ರೊಟ್ಟಿ ಹಿಡಿದು ಅವನ ಕಡೆ ಬಂತು. ಮೊನ್ನೆ ಕೆನ್ನೆ ಒರೆಸಿದ ಕೈ. ತಟ್ಟೆಗೆ ಒಂದು ಗೇಣು ಇರುವಾಗಲೇ ಅದು ತಡೆಯಿತು. ಬೆರಳು ಬಿಗಿಯಾದವು. ಅಷ್ಟು ಎತ್ತರದಿಂದಲೇ ರೊಟ್ಟಿಯನ್ನು ತಟ್ಟೆಗೆ ಕೆಡವಿ, ಪರರ ಮುಂದಿನಿಂದ ಸರಿಯುವಂತೆ ಸರಿದು, ಗುರುಸಿದ್ದವ್ವನ ಎಡಗೈಯ ಪಕ್ಕಕ್ಕೆ ಹೋಗಿ ಕುಳಿತಿತು.

"ಅಯ್ಯ, ನಿನ್ನ ಗುರ್ತ ಹಿಡೀಲಿಲ್ಲ ನೋಡು! ಹಡದಾವ ನೀನ, ನಿನ್ನನ್ನ ಮರತೈತಿ," ಎಂದು ಆಕೆ ನಕ್ಕಳು.

"ಮರೀಲಿ ಬಿಡ್ರಿ ಅಕ್ಕಾರ," ಎಂದ ಸುಭಾಸ. ಅವನಿಗೆ ಒಂದು ಗಳಿಗೆ ಸಂಕಟವಾದದ್ದೂ ನಿಜ, ಆಮೇಲೆ ಬಹಳ ಸಂತೋಷವಾದದ್ದೂ ನಿಜ. ಅವನು ರೊಟ್ಟಿ ಮುರಿಯುವ ಮುನ್ನ ತನ್ನ ಎರಡು ಅಂಗೈಗಳನ್ನೂ ಒಮ್ಮೆ ಮುಖದ ಮುಂದೆ ಹಿಡಿದ. ಬಾಗಿಲಲ್ಲಿದ್ದ ಮಗಳು ಅದನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವನು ಬೇಸರಿಸಲಿಲ್ಲ, ಐವತ್ತು ಎಣಿಸಿ ಊಟಕ್ಕೆ ಕೈ ಹಚ್ಚಿದ.